ಕಾಸು ಕೊಟ್ಟು ಬಣ್ಣ ಹಚ್ಚಿದವರು: ಮಂಡ್ಯ ಸೀಮೆಯ ಹಳ್ಳಿ ನಾಟಕಗಳು

ಸಂಕ್ರಾಂತಿ ಕಳೆದು ಒಕ್ಕಣೆ ಮುಗಿದ ಮೇಲೆ ಮದ್ದೂರಿನಿಂದ ಕೆ.ಎಂ. ದೊಡ್ಡಿ ಹಾದು ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಾಟಕದ ಪೋಸ್ಟರು ಕಾಣದ ಊರು ಅಪರೂಪ. ಅರಳಿಕಟ್ಟೆಯ ಪಕ್ಕದ ಗೋಡೆ, ಹಾಲಿನ ಡೇರಿ, ಟೀ ಅಂಗಡಿಯ ಬಾಗಿಲು, ಎಲ್ಲ ಕಡೆಯೂ ಒಂದೇ ಬಗೆಯ ಹಾಳೆ. ಮೇಲೆ ಗ್ರಾಮದೇವತೆಯ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ' ಎಂದೋ 'ರಾಜಾ ಸತ್ಯವ್ರತ ಅಥವಾ ಶನಿಪ್ರಭಾವ' ಎಂದೋ ನಾಟಕದ ಹೆಸರು. ಅದರ ಸುತ್ತ ಸಾಲುಸಾಲಾಗಿ ಪಾಸ್‌ಪೋರ್ಟ್ ಅಳತೆಯ ಫೋಟೋಗಳು. ಟ್ರ್ಯಾಕ್ಟರು ಓಡಿಸುವವನು ಭೀಮ, ಪಂಚಾಯಿತಿಯ ಮಾಜಿ ಸದಸ್ಯ ಧರ್ಮರಾಯ, ರೇಷ್ಮೆ ಸಾಕುವವನು ಶಕುನಿ. ಮೂಲೆಯಲ್ಲಿ ಹಾರ್ಮೋನಿಯಂ ಮೇಷ್ಟ್ರ ಹೆಸರು, ಸೀನರಿಯವರ ಹೆಸರು, ಕೊನೆಗೊಂದು ಸಾಲು: ಪ್ರವೇಶ ಉಚಿತ.

ಈ ಉಪನ್ಯಾಸ ಹಿಡಿದಿರುವುದು ಈ ಪೋಸ್ಟರಿನಲ್ಲಿರುವ ಜನರನ್ನು. ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಸಂಬಳ ಪಡೆದು ಆಡಿದ ಕಂಪನಿ ನಟರ ಬಗ್ಗೆ ಸಾಕಷ್ಟು ಬರೆಹವಿದೆ. ಪೇಟೆಯ ವಿದ್ಯಾವಂತರು ಹವ್ಯಾಸಕ್ಕೆ ಕಟ್ಟಿದ ಸಂಘಗಳ ಬಗ್ಗೆಯೂ ಇದೆ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್ನಿನಿಂದ ಆ ಕಥೆ ಶುರುವಾಗುತ್ತದೆ. ಆದರೆ ತನ್ನ ಪಾತ್ರಕ್ಕೆ ತಾನೇ ಹಣ ಕಟ್ಟಿ, ಎರಡು ಮೂರು ತಿಂಗಳು ರಾತ್ರಿ ನಿದ್ದೆಗೆಟ್ಟು ಪದ್ಯ ಕಲಿತು, ಒಂದೇ ಒಂದು ರಾತ್ರಿ ಬಣ್ಣ ಹಚ್ಚಿ, ಮಾರನೆಯ ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋದವನಿಗೆ ಆ ಚರಿತ್ರೆಯಲ್ಲಿ ಅಧ್ಯಾಯವಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಕನ್ನಡದ ಸಂಗೀತ ನಾಟಕವನ್ನು ಉಳಿಸಿಕೊಂಡು ಬಂದವನು ಅವನೇ ಎಂಬುದು ಈ ಉಪನ್ಯಾಸದ ವಾದ.

ಈ ನಾಟಕಗಳ ಬೇರು ಅರಮನೆಯಲ್ಲಿದೆ. 1880ರ ದಶಕದಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ನಡೆಯುತ್ತಿತ್ತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದ ಕಾಲವದು. ಅದೇ ದಶಕದಲ್ಲಿ, 1884ರಲ್ಲಿ, ಗುಬ್ಬಿ ಕಂಪನಿ ಹುಟ್ಟಿತು. ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭೆ, ಗುಬ್ಬಿ ವೀರಣ್ಣನವರ ಕಂಪನಿ, ಹಿಂದೆ ಮುಂದೆ ಹುಟ್ಟಿ ಮುಳುಗಿದ ಸಣ್ಣಪುಟ್ಟ ಕಂಪನಿಗಳು ಊರೂರು ಸುತ್ತಿದವು. ಮರಾಠಿ ನಾಟಕದ ಮಟ್ಟು, ಪಾರ್ಸಿ ನಾಟಕದ ಪರದೆ, ಕರ್ನಾಟಕ ಸಂಗೀತದ ರಾಗ ಒಟ್ಟಿಗೆ ಬೆರೆತು ರಂಗಗೀತೆ ಎಂಬ ಹೊಸ ಹಾಡುಗಾರಿಕೆ ಕುದುರಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥವರು ಕೃಷ್ಣಲೀಲೆ, ಸದಾರಮೆಗಳನ್ನು ಬರೆದುಕೊಟ್ಟರು. 1930ರ ದಶಕದಲ್ಲಿ ಗುಬ್ಬಿ ಕಂಪನಿ 'ಕುರುಕ್ಷೇತ್ರ' ಆಡಿದಾಗ ಆನೆ ಕುದುರೆಗಳೇ ರಂಗಕ್ಕೆ ಬಂದವು. ಮಂಡ್ಯ ಸೀಮೆಯೂ ಈ ಕಂಪನಿಗಳಿಗೆ ಕಲಾವಿದರನ್ನು ಕೊಟ್ಟಿತು. ಮಳವಳ್ಳಿ ಸುಂದರಮ್ಮನವರು ನಟಿಯಾಗಿ, ಗಾಯಕಿಯಾಗಿ ಊರಿನ ಹೆಸರನ್ನು ತಮ್ಮ ಹೆಸರಿನೊಂದಿಗೇ ಕೊಂಡೊಯ್ದರು. ಮಳವಳ್ಳಿ ದಾಟಿ ಶಿವನಸಮುದ್ರದ ಬಳಿ ಹೊಳೆ ದಾಟಿದರೆ ಕೊಳ್ಳೇಗಾಲ ಸೀಮೆ. ಅಲ್ಲಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ಹೆಸರಾಂತ ನಟರು. ಹುಡುಗನಾಗಿದ್ದಾಗಲೇ ಅದೇ ಕಂಪನಿ ಸೇರಿದ ಅವರ ಮಗ ಮುತ್ತುರಾಜ ಮುಂದೆ ರಾಜ್‌ಕುಮಾರ್ ಆದರು.

ಟಾಕಿ ಬಂತು. 1934ರ ಮಾರ್ಚಿನಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆ ಕಂಡಿತು. ಅದಕ್ಕೆ ಮಾತು, ಹಾಡು ಬರೆದವರು ನಾಟಕದ ಬೆಳ್ಳಾವೆಯವರೇ. ಮುಂದಿನ ದಶಕಗಳಲ್ಲಿ ಕಂಪನಿಗಳು ಒಂದೊಂದಾಗಿ ಡೇರೆ ಮಡಚಿದವು. ಹಾಡು ಬಲ್ಲವರು, ಹಾರ್ಮೋನಿಯಂ ನುಡಿಸುವವರು ಹಳ್ಳಿಯ ಕಡೆ ಮುಖ ಮಾಡಿದರು. ಹಳ್ಳಿಗೂ ಆಗ ಅವರು ಬೇಕಾಗಿದ್ದರು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯಲ್ಲಿ ಹರಿದು ಮಂಡ್ಯದ ಬೆದ್ದಲು ಗದ್ದೆಯಾಯಿತು. ಇಂದಿನ ವಿಶ್ವೇಶ್ವರಯ್ಯ ನಾಲೆ ಅದೇ. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಕಂಪನಿ ಕಬ್ಬಿಗೆ ಕಾಸು ಕೊಟ್ಟಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಒಕ್ಕಲು ಮನೆಯಲ್ಲಿ ಸುಗ್ಗಿ ಕಳೆದ ಮೇಲೆ ಅಷ್ಟಿಷ್ಟು ನಗದು ಉಳಿಯತೊಡಗಿತು, ಸುಗ್ಗಿಗೂ ಮುಂಗಾರಿಗೂ ನಡುವೆ ಬಿಡುವೂ ಇತ್ತು. ನಾಟಕಕ್ಕೆ ಬೇಕಾದವು ಇವೆರಡೇ. ಇಂದಿಗೂ ಮಳೆ ಕೈಕೊಟ್ಟು ನಾಲೆಗೆ ನೀರು ಬಿಡದ ವರ್ಷ ಮೊದಲು ನಿಲ್ಲುವ ಖರ್ಚುಗಳಲ್ಲಿ ನಾಟಕವೂ ಒಂದು.

ಹಳ್ಳಿಯ ನೆಲವೂ ಖಾಲಿಯಿರಲಿಲ್ಲ. ನಾಗಮಂಗಲದ ಕಡೆ ಮೂಡಲಪಾಯ ಯಕ್ಷಗಾನವಿತ್ತು. ಅದನ್ನು ಹುಡುಕಿ ಪಂಡಿತರ ಗಮನಕ್ಕೆ ತಂದ ಜೀ.ಶಂ. ಪರಮಶಿವಯ್ಯನವರು ಅದೇ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ ಮಠವಿದೆ. ಆ ಪರಂಪರೆಯ ಹಾಡುಗಾರರಾದ ನೀಲಗಾರರು ರಾತ್ರಿಯಿಡೀ ತಂಬೂರಿ ಮೀಟಿ ಕಥೆ ಹಾಡುತ್ತಿದ್ದರೆ ಜನ ಕದಲದೆ ಕೂರುತ್ತಿದ್ದರು. ಮಳವಳ್ಳಿ ಮಹದೇವಸ್ವಾಮಿಯವರ ಕಂಠದಿಂದ ಆ ಕಥನ ಕ್ಯಾಸೆಟ್ಟುಗಳ ಕಾಲದಲ್ಲಿ ಮನೆಮನೆ ಮುಟ್ಟಿತು. ಇಡೀ ರಾತ್ರಿ ಕೂತು ಕೇಳುವ ಕಿವಿ ಹೀಗೆ ಮೊದಲೇ ತಯಾರಾಗಿತ್ತು. ಕಂಪನಿ ನಾಟಕ ಆ ಕಿವಿಗೆ ಹೊಸ ರಾಗ ಕೊಟ್ಟಿತು.

ನಾಟಕ ಆಡಬೇಕೆಂದು ಊರು ತೀರ್ಮಾನಿಸಿದ ದಿನದಿಂದ ಮೊದಲಾಗುವುದು ಹಂಚಿಕೆ. ಯಾರಿಗೆ ಯಾವ ಪಾರ್ಟು ಎಂಬುದು ಸುಲಭದ ಮಾತಲ್ಲ. ಹಾಡು ಹೆಚ್ಚಿರುವ ಪಾರ್ಟಿಗೆ ಕಂಠ ಬೇಕು, ಮಾತು ಹೆಚ್ಚಿರುವುದಕ್ಕೆ ನೆನಪು ಬೇಕು, ದುರ್ಯೋಧನನಿಗೆ ಇವೆರಡರ ಜೊತೆಗೆ ಆಳ್ತನವೂ ಬೇಕು. ಜೊತೆಗೆ ಹಣ. ಪಾತ್ರಕ್ಕೆ ತಕ್ಕಂತೆ ದರ ನಿಗದಿಯಾಗುತ್ತದೆ. ದುರ್ಯೋಧನ, ಕೃಷ್ಣರದು ಹೆಚ್ಚು, ವಿದುರ, ಸಂಜಯರದು ಕಡಿಮೆ. ಪೈಪೋಟಿ ಬಿದ್ದ ಕಡೆ ಪಾತ್ರವನ್ನು ಹರಾಜು ಕೂಗುವುದೂ ಉಂಟು. ಹೀಗೆ ಕೂಡಿದ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಸ್ತ್ರೀಪಾತ್ರದವರ ಸಂಭಾವನೆ, ಪೋಸ್ಟರು, ಊಟ ಎಲ್ಲವೂ ನಡೆಯಬೇಕು. ಟಿಕೆಟ್ ಇಲ್ಲದ ನಾಟಕದ ಲೆಕ್ಕ ಹೀಗೆ ನಟರ ಜೇಬಿನಲ್ಲೇ ಮುಗಿಯುತ್ತದೆ. ಹಣವಿದ್ದವನಿಗೇ ದೊಡ್ಡ ಪಾರ್ಟು ಸಿಗುವುದರಿಂದ ಒಳ್ಳೆಯ ಕಂಠದ ಬಡವ ದೂತನಾಗಿ ನಿಂತು ಹೋಗುವುದೂ ಉಂಟು. ಈ ಪದ್ಧತಿಯ ದೊಡ್ಡ ಕೊರತೆಯಿದು, ಮುಚ್ಚಿಡುವಂಥದ್ದಲ್ಲ. ಕೆಲವು ಊರುಗಳಲ್ಲಿ ಮೇಷ್ಟ್ರೇ ಗಟ್ಟಿ ನಿಂತು, ಹಾಡುವ ಹುಡುಗನ ಪಾಲಿನ ಹಣವನ್ನು ಊರಿನಿಂದ ಎತ್ತಿಸಿ ಅವನಿಗೇ ಪಾರ್ಟು ಕೊಡಿಸುತ್ತಾರೆ.

ಮೇಷ್ಟ್ರು ಎಂದರೆ ಇಲ್ಲಿ ಹಾರ್ಮೋನಿಯಂ ಮೇಷ್ಟ್ರು. ನಿರ್ದೇಶಕ, ಸಂಗೀತ ಸಂಯೋಜಕ, ಮಾತು ಹೇಳಿಕೊಡುವವನು, ಜಗಳ ಬಿಡಿಸುವವನು ಎಲ್ಲ ಒಬ್ಬನೇ. ರಾತ್ರಿ ಊಟವಾದ ಮೇಲೆ ರಾಮಮಂದಿರದಲ್ಲೋ ಶಾಲೆಯ ಜಗುಲಿಯಲ್ಲೋ ತಾಲೀಮು. ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಮುಂದೆ ಮೇಷ್ಟ್ರು ಕೂರುತ್ತಾರೆ, ಪಕ್ಕದಲ್ಲಿ ರಟ್ಟು ಕಿತ್ತುಬಂದ ಹಳೆಯ ನೋಟ್‌ಬುಕ್ಕು. ಅಕ್ಷರ ಬಾರದವನು ಎದುರು ನಿಂತಿದ್ದರೆ ಪಾಠ ಪೂರ್ತಿ ಕಿವಿಯ ಮೇಲೆ. ಮೇಷ್ಟ್ರು ಕಂದದ ಮೊದಲ ಪಾದ ಹೇಳುತ್ತಾರೆ, ಅವನು ಹೇಳುತ್ತಾನೆ. ಉಚ್ಚಾರ ತಪ್ಪಿದರೆ ಮತ್ತೆ, ರಾಗ ಜಾರಿದರೆ ಮತ್ತೆ. 'ಹ'ಕಾರ ಬಿಟ್ಟು ಮಾತಾಡುವ ನಾಲಿಗೆ ಮಹಾಪ್ರಾಣ ಹಿಡಿಯಲು ಒಂದು ವಾರವಾದರೂ ಬೇಕು. ಕಂದಪದ್ಯದಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರಕ್ಕೆ ಪ್ರಾಸ ಬೀಳುತ್ತದೆ, ಎರಡನೆಯ ಮತ್ತು ನಾಲ್ಕನೆಯ ಪಾದ ಉದ್ದ. ಛಂದಸ್ಸಿನ ಪುಸ್ತಕ ಕಾಣದ ರೈತ ಆ ಪ್ರಾಸದ ಹಿಡಿಕೆ ಹಿಡಿದುಕೊಂಡೇ ಪದ್ಯವನ್ನು ನೆನಪಿಗೆ ಕಟ್ಟಿಕೊಳ್ಳುತ್ತಾನೆ. ಹತ್ತನೆಯ ಶತಮಾನದಲ್ಲಿ ಪಂಪ, ರನ್ನರು ಪಳಗಿಸಿದ ಛಂದಸ್ಸು ಪುಸ್ತಕದ ಹೊರಗೆ ಉಸಿರಾಡುತ್ತಿರುವ ಜಾಗಗಳಲ್ಲಿ ಈ ಜಗುಲಿಯೂ ಒಂದು. ರನ್ನನ ಗದಾಯುದ್ಧವನ್ನು ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ನಾಟಕವಾಗಿಸಿದ್ದು ಸಾಹಿತ್ಯ ಚರಿತ್ರೆಯ ದೊಡ್ಡ ಘಟನೆ. ಅದೇ ದುರ್ಯೋಧನನನ್ನು ಹಳ್ಳಿಯ ಮೇಷ್ಟ್ರುಗಳು ವರ್ಷ ವರ್ಷ ಹೊಸ ಗಂಟಲಿಗೆ ಏರಿಸುತ್ತಲೇ ಇದ್ದಾರೆ.

ಒಬ್ಬೊಬ್ಬನ ಕಂಠ ಒಂದೊಂದು ಶ್ರುತಿಗೆ. ಭೀಮನದು ತಗ್ಗು, ಕೃಷ್ಣನದು ಏರು. ನಾಟಕದ ರಾತ್ರಿ ಇಬ್ಬರೂ ಎದುರುಬದುರು ನಿಂತು ಪದ್ಯಕ್ಕೆ ಪದ್ಯ ಕೊಡುವಾಗ ಮೇಷ್ಟ್ರ ಬೆರಳು ಮನೆಯಿಂದ ಮನೆಗೆ ಹಾರಬೇಕು. ಮರೆತವನಿಗೆ ಮುಂದಿನ ಸಾಲಿನ ಮೊದಲ ಅಕ್ಷರವನ್ನೂ ಅವರೇ ಅಲ್ಲಿಂದಲೇ ಎತ್ತಿಕೊಡಬೇಕು.

ನಾಟಕದ ದಿನ ಮಧ್ಯಾಹ್ನವೇ ಸೀನರಿ ಲಾರಿ ಬರುತ್ತದೆ. ಕಬ್ಬಿಣದ ಕಂಬ, ಹಲಗೆ, ಸುರುಳಿ ಸುತ್ತಿದ ಪರದೆಗಳು, ಸಿಂಹಾಸನ, ಕಿರೀಟ, ಗದೆ, ಭುಜಕೀರ್ತಿಯ ಪೆಟ್ಟಿಗೆಗಳು ಇಳಿಯುತ್ತವೆ. ದರ್ಬಾರು, ಅರಣ್ಯ, ಬೀದಿ, ಕೈಲಾಸ ಎಲ್ಲವೂ ಆ ಸುರುಳಿಗಳಲ್ಲಿವೆ. ಸಂಜೆಯ ಹೊತ್ತಿಗೆ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಜಾಗ ಹಿಡಿದಿರುತ್ತಾರೆ. ಗಣಪತಿ ಪೂಜೆ, ಗಣ್ಯರ ಸನ್ಮಾನ ಮುಗಿದು ನಾಂದಿ ಹಾಡು ಏಳುವುದು ಎಷ್ಟೋ ಸಲ ಹತ್ತು ಗಂಟೆಯ ಮೇಲೆ. ಅಲ್ಲಿಂದ ಬೆಳಗಿನವರೆಗೆ ದ್ವಾರಕೆಯಲ್ಲಿ ಕೃಷ್ಣನ ಮಂಚದ ಬಳಿ ಅರ್ಜುನ, ದುರ್ಯೋಧನರ ಭೇಟಿ, ಸಂಧಾನ, ಕರ್ಣ ಕುಂತಿಯರ ಸಮಾಗಮ, ಅಭಿಮನ್ಯುವಿನ ಪದ್ಮವ್ಯೂಹ, ಸೈಂಧವ ವಧೆ, ಗದಾಯುದ್ಧ. ಕರ್ಣನಿಗೆ ಕುಂತಿ ತಾನೇ ತಾಯಿಯೆಂದು ಹೇಳುವ ಸೀನಿನಲ್ಲಿ ಚಾಪೆಯ ಸಾಲಿನಿಂದ ಅಳು ಕೇಳಿಸದ ಊರಿಲ್ಲ. ಕಥೆ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಜನ ಅಳುತ್ತಾರೆ.

ಪೇಟೆಯ ರಸಿಕರು ಈ ರಾತ್ರಿಯಲ್ಲಿ ತಪ್ಪು ಹಿಡಿಯುವುದು ಮುಯ್ಯಿಯನ್ನು. ದುರ್ಯೋಧನ ಸಿಂಹಾಸನವೇರಿ ಮೊದಲ ಪದ್ಯ ಮುಗಿಸುತ್ತಿದ್ದಂತೆ ಅವನ ಬೀಗರು, ಭಾವಮೈದುನರು ರಂಗಕ್ಕೆ ಹತ್ತಿ ನೋಟಿನ ಹಾರ ಹಾಕುತ್ತಾರೆ, ಬೆರಳಿಗೆ ಉಂಗುರ ತೊಡಿಸುತ್ತಾರೆ, ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಕಥೆ ಅಷ್ಟು ಹೊತ್ತು ನಿಲ್ಲುತ್ತದೆ. ಇದು ರಸಭಂಗ ಎಂಬ ದೂರು ಹಳೆಯದು. ಆದರೆ ಪಾತ್ರಕ್ಕೆ ಹಣ ಕಟ್ಟಿದವನಿಗೆ ಅದರ ಒಂದು ಪಾಲು ಹಿಂದಿರುಗುವುದು ಈ ಮುಯ್ಯಿಯಿಂದಲೇ. ಮದುವೆಮನೆಯ ಮುಯ್ಯಿಯಂತೆ ಇದಕ್ಕೂ ಲೆಕ್ಕವುಂಟು. ಇಂದು ಕೊಟ್ಟವನ ಊರಿನಲ್ಲಿ ನಾಳೆ ನಾಟಕವಾದಾಗ ಇವನು ಹೋಗಿ ಹಿಂದಿರುಗಿಸಬೇಕು. ಟಿಕೆಟ್ಟಿಲ್ಲದ, ಸರ್ಕಾರದ ಅನುದಾನವನ್ನು ನೆಚ್ಚದ ಒಂದು ರಂಗಭೂಮಿ ತಲೆಮಾರುಗಳ ಕಾಲ ಬದುಕಿರುವುದು ಈ ಕೊಡು-ಕೊಳ್ಳುವಿಕೆಯ ಬಲದಿಂದ. ರಸಭಂಗವನ್ನು ಹಳಿಯುವವರು ಈ ಲೆಕ್ಕವನ್ನೂ ನೋಡಬೇಕು.

ದ್ರೌಪದಿ, ಕುಂತಿ, ಗಾಂಧಾರಿ, ಉತ್ತರೆಯರ ಪಾತ್ರ ಹಿಂದೆ ಊರಿನ ಗಂಡಸರದೇ. ಮೀಸೆ ಬೋಳಿಸಿ ಸೀರೆಯುಟ್ಟ ದ್ರೌಪದಿಯರ ನೆನಪು ಹಿರಿಯರಲ್ಲಿ ಇನ್ನೂ ಇದೆ. ಆಮೇಲೆ ವೃತ್ತಿಯ ನಟಿಯರು ಬಂದರು. ಮಂಡ್ಯ, ಮೈಸೂರು, ಬೆಂಗಳೂರು, ತುಮಕೂರಿನ ಕಡೆಯಿಂದ ಬಸ್ಸಿನಲ್ಲಿ ಬರುವ ಈ ಹೆಣ್ಣುಮಕ್ಕಳಿಗೆ ತಾಲೀಮು ಸಿಗುವುದು ಕೊನೆಯ ಒಂದೆರಡು ದಿನ ಮಾತ್ರ. ಎದುರಿನ ಭೀಮ ಪ್ರತಿ ಊರಿನಲ್ಲೂ ಬೇರೆ. ಅವನು ಸಾಲು ನುಂಗಿದರೆ ಅದನ್ನು ತನ್ನ ಮಾತಿನಲ್ಲಿ ಸೇರಿಸಿಕೊಂಡು ಸೀನು ದಾಟಿಸುವವಳು ದ್ರೌಪದಿ. ಒಂದೇ ಸುಗ್ಗಿಯಲ್ಲಿ ಹತ್ತಾರು ಊರುಗಳ ಹತ್ತಾರು ಬಗೆಯ ಪಾಠವನ್ನು ನೆನಪಿನಲ್ಲಿಟ್ಟು ನಿಭಾಯಿಸುವ ಇವರಷ್ಟು ಅಭ್ಯಾಸಬಲ ರಂಗಶಾಲೆಯಲ್ಲಿ ಕಲಿತ ಎಷ್ಟೋ ನಟರಿಗಿಲ್ಲ. ಆದರೂ ಪೋಸ್ಟರಿನಲ್ಲಿ ಇವರ ಫೋಟೋ ಕೆಳಗಿನ ಸಾಲಿನಲ್ಲಿ. ಬಣ್ಣ ಹಚ್ಚಲು ಮರೆಯಿರುವ ಜಾಗ, ಬೆಳಗಿನ ಜಾವ ಊರು ತಲುಪಲು ವಾಹನ ಇವು ಎಲ್ಲ ಕಡೆಯೂ ಸಿಗುತ್ತವೆ ಎನ್ನುವಂತಿಲ್ಲ. ಈ ಸೀಮೆಯ ನಾಟಕ ಪ್ರೇಮಿಗಳು ಮೊದಲು ಸರಿಪಡಿಸಬೇಕಾದ್ದು ಇದನ್ನೇ.

ಊರಿನ ತಂಡ, ಕೇರಿಯ ತಂಡ ಬೇರೆ ಬೇರೆಯಾಗಿ ನಾಟಕ ಆಡಿದ ಕಾಲವೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ದಲಿತ ಯುವಕರು ತಮ್ಮದೇ ಹಣ ಹಾಕಿ, ತಮ್ಮದೇ ಬೀದಿಯಲ್ಲಿ ರಂಗ ಕಟ್ಟಿಸಿ, ಕಿರೀಟ ತೊಟ್ಟು ಸಿಂಹಾಸನದ ಮೇಲೆ ಕೂತ ರಾತ್ರಿಗಳಿಗೆ ಪುರಾಣಕಥೆಯ ಆಚೆಗಿನ ಅರ್ಥವೊಂದಿತ್ತು. ನೀಲಗಾರ ಪರಂಪರೆಯ ಮಂಟೇಸ್ವಾಮಿಯನ್ನು ಎಚ್.ಎಸ್. ಶಿವಪ್ರಕಾಶ್ 'ಮಂಟೇಸ್ವಾಮಿ ಕಥಾಪ್ರಸಂಗ'ವಾಗಿ ಬರೆದು, ಸುರೇಶ್ ಆನಗಳ್ಳಿ ಅದನ್ನು ಬೆಂಗಳೂರಿನ ರಂಗಕ್ಕೆ ತಂದಾಗ ಹೊಸ ಅಲೆಯ ಪ್ರೇಕ್ಷಕರು ಬೆರಗಾದರು. ಆ ಬೆರಗಿನ ಮೂಲ ಮಳವಳ್ಳಿಯ ಕೇರಿಗಳಲ್ಲಿತ್ತು.

ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮೇಲುಕೋಟೆಯಲ್ಲಿ, ಸಂಗೀತ ನಾಟಕಕ್ಕೆ ಬೇರೆಯದೇ ದಾರಿ ಹುಡುಕಿದವರು ಪು.ತಿ. ನರಸಿಂಹಾಚಾರ್. 1941ರ 'ಅಹಲ್ಯೆ', 1945ರ 'ಗೋಕುಲ ನಿರ್ಗಮನ' ಗೀತನಾಟಕಗಳು. ರಾಗ, ತಾಳಗಳನ್ನು ಅವರು ಮಾತಿನ ಜೊತೆಜೊತೆಗೇ ಯೋಚಿಸಿದ್ದರು. 'ಹಂಸದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರು ರಂಗದ ಮೇಲೆ ತಂದು ಅದರ ಸಂಗೀತದ ಶಕ್ತಿ ತೋರಿಸಿದರು. ಪು.ತಿ.ನ. ಅವರ ಗೊಲ್ಲರು, ಗೋಪಿಯರು ಮದ್ದೂರು, ಮಳವಳ್ಳಿಯ ಹಳ್ಳಿ ರಂಗಕ್ಕೆ ಇಳಿದು ಬರಲಿಲ್ಲ. ಹಾರ್ಮೋನಿಯಂ ಮೇಷ್ಟ್ರುಗಳ ಕೈಗೆ ಆ ಪುಸ್ತಕ ಯಾರಾದರೂ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಉಳಿದೇ ಇದೆ. ಇನ್ನೂ ಕೊಡಬಹುದು.

ಮಂಡ್ಯ ಪಟ್ಟಣದಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದ, ಸಚಿವರಾಗಿದ್ದ ಕೆ.ವಿ. ಶಂಕರಗೌಡರು ನಾಟಕದ ಗೀಳು ಹಚ್ಚಿಕೊಂಡವರು, ತಾವೇ ಬಣ್ಣ ಹಚ್ಚಿದವರು. ಅಲ್ಲಿನ ಕರ್ನಾಟಕ ಸಂಘ ಅವರ ಹೆಸರನ್ನು ತನ್ನ ಭವನಕ್ಕಿಟ್ಟಿದೆ. ಕಲಾಮಂದಿರದಲ್ಲಿ ಹೊಸ ಅಲೆಯ ನಾಟಕವೂ ನಡೆಯುತ್ತದೆ, ಹಳ್ಳಿಯಿಂದ ಬಂದ ಕುರುಕ್ಷೇತ್ರವೂ ನಡೆಯುತ್ತದೆ. ನಾಗಮಂಗಲದ ಕಡೆಯ ಮಂಡ್ಯ ರಮೇಶ್ ನೀನಾಸಂನಲ್ಲಿ ಕಲಿತು ಮೈಸೂರಿನಲ್ಲಿ 'ನಟನ' ಕಟ್ಟಿದರು. ಬೆಂಗಳೂರಿಗೆ ದುಡಿಯಲು ಹೋದ ಹಳೇ ಮೈಸೂರಿನವರು ಅಲ್ಲೂ ಬಿಡಲಿಲ್ಲ. ಬಸ್ ಕಂಡಕ್ಟರುಗಳು, ಪೊಲೀಸರು, ವಕೀಲರು, ಗುತ್ತಿಗೆದಾರರು ಸೇರಿ ರವೀಂದ್ರ ಕಲಾಕ್ಷೇತ್ರ ಬಾಡಿಗೆ ಹಿಡಿದು ಹಗಲು ಹೊತ್ತಿನಲ್ಲೇ ಕುರುಕ್ಷೇತ್ರ ಆಡುತ್ತಾರೆ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಇರುಳಿಡೀ ಆಡಿದಾಗ ಪತ್ರಿಕೆಗಳು ಅದನ್ನು ದೊಡ್ಡ ಸಾಹಸವೆಂದು ಕೊಂಡಾಡಿದವು. ಅದು ಸಾಹಸವೇ ಸರಿ. ಮಂಡ್ಯದ ಹಳ್ಳಿಯವರಿಗೆ ಅಷ್ಟು ಹೊತ್ತು ಕೂರುವುದು ಹೊಸದಾಗಿರಲಿಲ್ಲ, ಅಷ್ಟೆ.

ಕಾಲು ಹಾರ್ಮೋನಿಯಂ ಪಕ್ಕಕ್ಕೆ ಈಗ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ಕಿರೀಟಕ್ಕೆ ಬಣ್ಣದ ಎಲ್‌ಇಡಿ ದೀಪ ಬಂದಿದೆ. ಇಡೀ ನಾಟಕ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತದೆ, ದೂರದ ಊರಿನಲ್ಲಿ ಕೆಲಸದಲ್ಲಿರುವ ಮಗ ಅಪ್ಪನ ಧರ್ಮರಾಯನನ್ನು ಮೊಬೈಲಿನಲ್ಲಿ ನೋಡುತ್ತಾನೆ. 2019ರಲ್ಲಿ ದರ್ಶನ್ ದುರ್ಯೋಧನನಾಗಿ ನಟಿಸಿದ 'ಕುರುಕ್ಷೇತ್ರ' ಚಿತ್ರ ಬಂದ ಮೇಲೆ ಹುಡುಗರಲ್ಲಿ ಗದೆ ಹಿಡಿಯುವ ಉತ್ಸಾಹ ಇನ್ನೂ ಹೆಚ್ಚಿತು. 2020, 2021ರ ಕೋವಿಡ್ ಸುಗ್ಗಿಗಳು ಮೇಷ್ಟ್ರುಗಳನ್ನು, ಸೀನರಿಯವರನ್ನು, ನಟಿಯರನ್ನು ಬರಿಗೈ ಮಾಡಿದವು. ಈ ವೃತ್ತಿಯನ್ನೇ ನಂಬಿದವರ ಪಾಲಿಗೆ ಅವು ಬರಗಾಲಕ್ಕಿಂತ ಕಠಿಣ ವರ್ಷಗಳು.

ಊರಿನವರೇ ಬಣ್ಣ ಹಚ್ಚುವ ನಾಟಕ ಬೇರೆ ದೇಶದಲ್ಲೂ ಉಂಟು. ಜರ್ಮನಿಯ ಬವೇರಿಯಾದಲ್ಲಿ ಓಬರಾಮರ್‌ಗೌ ಎಂಬ ಹಳ್ಳಿಯಿದೆ. ಪ್ಲೇಗಿಗೆ ಹೆದರಿದ ಜನ 1633ರಲ್ಲಿ ಹರಕೆ ಹೊತ್ತು, 1634ರಿಂದ ಏಸುವಿನ ಕೊನೆಯ ದಿನಗಳ ನಾಟಕ ಆಡುತ್ತ ಬಂದಿದ್ದಾರೆ. ಈಗ ಅದು ಹತ್ತು ವರ್ಷಕ್ಕೊಮ್ಮೆ. 2020ರದು ಕೋವಿಡ್‌ನಿಂದ ಮುಂದೆ ಹೋಗಿ 2022ರಲ್ಲಿ ನಡೆಯಿತು. ಅಲ್ಲಿ ಹುಟ್ಟಿದವರು, ಇಲ್ಲವೇ ಇಪ್ಪತ್ತು ವರ್ಷ ಅಲ್ಲಿ ಬಾಳಿದವರು ಮಾತ್ರ ಬಣ್ಣ ಹಚ್ಚಬಹುದು. ಲೋಕದ ಮೂಲೆಮೂಲೆಯಿಂದ ಜನ ಅದನ್ನು ನೋಡಲು ಹೋಗುತ್ತಾರೆ. ಆ ನಾಟಕದ 1662ರ ಹಸ್ತಪ್ರತಿ ಇಂದಿಗೂ ಇದೆ. ಮಂಡ್ಯ ಸೀಮೆಯಲ್ಲಿ ಐವತ್ತು ವರ್ಷ ಹಿಂದಿನ ಒಂದು ಕರಪತ್ರ ಹುಡುಕಿದರೂ ಸಿಗುವುದು ಕಷ್ಟ. ಹರಕೆ, ಊರೊಗ್ಗಟ್ಟು, ತಲೆಮಾರಿನ ಅಭ್ಯಾಸ ಎರಡು ಕಡೆಯೂ ಇವೆ. ದಾಖಲೆ ಇರುವುದು ಒಂದು ಕಡೆ ಮಾತ್ರ.

ಇಲ್ಲಿ ದಾಖಲೆ ಕೂಡಿಸುವ ಕೆಲಸ ದೊಡ್ಡದಲ್ಲ, ಬೇಗ ಆಗಬೇಕಾದ್ದು. ಮೇಷ್ಟ್ರುಗಳ ನೋಟ್‌ಬುಕ್ಕುಗಳಲ್ಲಿ ಮಟ್ಟುಗಳಿವೆ, ಯಾವ ಪುಸ್ತಕದಲ್ಲೂ ಅಚ್ಚಾಗದ ಪದ್ಯಗಳಿವೆ, ಅಂಚಿನಲ್ಲಿ ಊರಿನ ಹೆಸರು, ಇಸವಿ, ಯಾರು ಯಾವ ಪಾರ್ಟು ಎಂಬ ಗುರುತುಗಳಿವೆ. ಅವರು ತೀರಿಕೊಂಡ ಮೇಲೆ ಆ ಪುಸ್ತಕ ರದ್ದಿಗೆ ಹೋಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕಾಲೇಜುಗಳ ಕನ್ನಡ ವಿ‌ಭಾಗಗಳು ತಲಾ ಹತ್ತು ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳಿಸಿ ಆ ಪುಟಗಳ ಫೋಟೋ ತೆಗೆಸಬಹುದು, ಹಳೆಯ ಕರಪತ್ರ ಕೂಡಿಸಬಹುದು, ಹಿರಿಯ ನಟಿಯರನ್ನು ಕೂರಿಸಿ ಮಾತು, ಹಾಡು ಧ್ವನಿಮುದ್ರಿಸಬಹುದು. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಇದೇ ಜಿಲ್ಲೆಯವರು. ಹಳ್ಳಿಹಳ್ಳಿ ತಿರುಗಿ ಹಾಡು ಕೂಡಿಸುವ ಕೆಲಸವನ್ನು ಅವರು ಟೇಪ್ ರೆಕಾರ್ಡರಿನ ಕಾಲದಲ್ಲೇ ಮಾಡಿ ತೋರಿಸಿದ್ದರು. ಮೊದಲು ಕೇಳಬೇಕಾದ ಮನೆ ಯಾವುದೆಂದು ಪ್ರತಿ ಊರಿಗೂ ಗೊತ್ತು. ಒಮ್ಮೆ ದುರ್ಯೋಧನನ ಪಾರ್ಟು ಕಟ್ಟಿದವನನ್ನು ಜನ ಸಾಯುವವರೆಗೂ ದುರ್ಯೋಧನ ಎಂದೇ ಕರೆಯುತ್ತಾರೆ.